ಬಣ್ಣದ ಪಿಕ್ಚರ್ ಟ್ಯೂಬ್: ಗೆದ್ದದ್ದು ಒಂದು, ಸೋತದ್ದು ಹಲವು

ಗೋಡೆಗೆ ಅಂಟಿಕೊಳ್ಳುವ ತೆಳು ಪರದೆಗಳು ಬರುವ ಮುನ್ನ ಬಣ್ಣದ ಟಿ.ವಿ. ಎಂದರೆ ಡೊಳ್ಳು ಹೊಟ್ಟೆಯ ಭಾರವಾದ ಪೆಟ್ಟಿಗೆ. ಒಂದೆಡೆಯಿಂದ ಮತ್ತೊಂದೆಡೆಗೆ ಸಾಗಿಸಲು ಇಬ್ಬರು ಆಳು ಬೇಕಾಗುತ್ತಿತ್ತು. ಆ ಹೊಟ್ಟೆಯ ಬಹುಭಾಗವನ್ನು ಆವರಿಸಿದ್ದುದು ಪಿಕ್ಚರ್ ಟ್ಯೂಬ್ ಎಂದು ಕರೆಯಲಾಗುವ ಗಾಜಿನ ಚಿತ್ರನಾಳ. ದಾವಣಗೆರೆ, ಹರಿಹರಗಳ ಪೇಟೆಯಲ್ಲಾಗಲಿ, ಸಕ್ಕರೆ ಕಾರ್ಖಾನೆಯಿಂದ ಹೆಸರಾದ ಕುಕ್ಕುವಾಡದಂತಹ ಊರಿನಲ್ಲಾಗಲಿ ಇಂದು ಅಟ್ಟದ ಮೇಲೆ ಅಥವಾ ಗುಜರಿ ಅಂಗಡಿಯ ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಈ ಟ್ಯೂಬ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾತಿಯವು. ಆದರೆ ಆ ಜಾತಿ ಒಂದೇ ಉಳಿಯಬೇಕೆಂಬ ನಿಯಮವೇನೂ ಇರಲಿಲ್ಲ. 1940ರಿಂದ 1970ರವರೆಗಿನ ಮೂರು ದಶಕಗಳಲ್ಲಿ ಅಮೆರಿಕ, ಬ್ರಿಟನ್, ಜಪಾನುಗಳ ಪ್ರಯೋಗಾಲಯಗಳಲ್ಲಿ ಹತ್ತಾರು ಬಗೆಯ ಬಣ್ಣದ ಟ್ಯೂಬ್‌ಗಳು ಹುಟ್ಟಿದವು. ಅವುಗಳಲ್ಲಿ ಹೆಚ್ಚಿನವು ಅಂಗಡಿಯ ಮುಖವನ್ನೇ ಕಾಣದೆ ಮರೆಯಾದವು.

ಕರ್ನಾಟಕಕ್ಕೆ ಬಣ್ಣದ ದೂರದರ್ಶನ ಬಂದಾಗ ಆ ಸ್ಪರ್ಧೆ ಮುಗಿದುಹೋಗಿತ್ತು. ಗೆದ್ದ ಕುದುರೆಯನ್ನಷ್ಟೇ ನಾವು ಕಂಡೆವು. ಎಲೆಕ್ಟ್ರಾನಿಕ್ಸ್ ಓದಿದ ಒಂದೆರಡು ತಲೆಮಾರಿನವರಿಗೆ ಆರ್.ಆರ್. ಗುಲಾಟಿ ಅವರ ಪಠ್ಯಪುಸ್ತಕದ ನೆನಪಿರಬಹುದು. ಡೆಲ್ಟಾ ಗನ್, ಪಿಐಎಲ್, ಟ್ರಿನಿಟ್ರಾನ್ ಎಂಬ ಮೂರು ಟ್ಯೂಬ್‌ಗಳ ಚಿತ್ರ ಬರೆದು ಅಂಕ ಗಳಿಸುವುದು ಪರೀಕ್ಷೆಯ ವಾಡಿಕೆಯಾಗಿತ್ತು. ಸೋತವುಗಳಿಗೆ ಪಠ್ಯಕ್ರಮದಲ್ಲಿ ಸ್ಥಳವಿರಲಿಲ್ಲ. ಹಾಗಿದ್ದೂ ಗೆದ್ದದ್ದು ಏಕೆ ಗೆದ್ದಿತು ಎಂಬುದನ್ನು ತಿಳಿಯಬೇಕಾದರೆ ಸೋತವುಗಳತ್ತ ನೋಡಲೇಬೇಕು.

ತೊಡಕು ಎಲ್ಲಿತ್ತು?

ಕಪ್ಪು-ಬಿಳುಪು ಟ್ಯೂಬಿನ ತತ್ತ್ವ ಸರಳ. ಗಾಜಿನ ನಾಳದ ಕುತ್ತಿಗೆಯಲ್ಲಿ ಎಲೆಕ್ಟ್ರಾನುಗಳನ್ನು ಚಿಮ್ಮಿಸುವ ಗನ್ ಇರುತ್ತದೆ. ಎದುರಿನ ಮುಖಕ್ಕೆ ಒಳಗಿನಿಂದ ಫಾಸ್ಫರ್ ಎಂಬ ಪುಡಿಯನ್ನು ಲೇಪಿಸಿರುತ್ತಾರೆ. ಎಲೆಕ್ಟ್ರಾನುಗಳ ಎಳೆ ತಾಗಿದಲ್ಲಿ ಪುಡಿ ಬೆಳಗುತ್ತದೆ. ಎಳೆಯನ್ನು ಕಾಂತಸುರುಳಿಗಳ ನೆರವಿನಿಂದ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಓಡಿಸುತ್ತ ಅದರ ಬಲವನ್ನು ಏರಿಳಿಸಿದರೆ ಚಿತ್ರ ಮೂಡುತ್ತದೆ. ಎಳೆ ಒಂದು ಕೂದಲಿನಷ್ಟು ಅತ್ತಿತ್ತ ಸರಿದರೂ ನೋಡುಗನಿಗೆ ತಿಳಿಯುವುದಿಲ್ಲ. ಪುಡಿ ಎಲ್ಲೆಡೆಯೂ ಒಂದೇ ತೆರನಾದದ್ದು.

ಬಣ್ಣಕ್ಕೆ ಈ ಉದಾರತೆ ಸಲ್ಲದು. ಕೆಂಪು, ಹಸಿರು, ನೀಲಿ ಎಂಬ ಮೂರು ಪುಡಿಗಳನ್ನು ಕಣ್ಣಿಗೆ ಬೇರೆಬೇರೆಯಾಗಿ ಕಾಣದಷ್ಟು ಸಣ್ಣ ಚುಕ್ಕೆ ಅಥವಾ ಗೆರೆಗಳಾಗಿ ಹಾಸಬೇಕು. ಕೆಂಪಿನ ಸಂಕೇತವನ್ನು ಹೊತ್ತ ಎಳೆ ಕೆಂಪು ಚುಕ್ಕೆಯನ್ನೇ ಮುಟ್ಟಬೇಕು. ಪಕ್ಕದ ಹಸಿರಿಗೆ ತಾಗಿದರೆ ನಾಯಕಿಯ ಮುಖ ಪಾಚಿ ಕಟ್ಟಿದಂತೆ ಕಾಣುತ್ತದೆ. ಸೆಕೆಂಡಿಗೆ ಸಾವಿರಾರು ಸಲ ಪರದೆಯುದ್ದಕ್ಕೂ ಓಡುವ ಎಳೆಗೆ, ತಾನು ಈಗ ಯಾವ ಪುಡಿಯ ಎದುರಿಗಿದ್ದೇನೆ ಎಂಬ ಅರಿವನ್ನು ಕೊಡುವುದು ಹೇಗೆ? ಬಣ್ಣದ ಟ್ಯೂಬಿನ ಇತಿಹಾಸವೆಲ್ಲ ಈ ಒಂದೇ ಪ್ರಶ್ನೆಗೆ ದೊರೆತ ಬೇರೆಬೇರೆ ಉತ್ತರಗಳು.

ತಿರುಗುವ ಚಕ್ರ

ಪ್ರಶ್ನೆಯನ್ನೇ ತಪ್ಪಿಸಿಕೊಳ್ಳುವ ಉತ್ತರವೂ ಒಂದಿತ್ತು. ಅಮೆರಿಕದ ಸಿಬಿಎಸ್ ಸಂಸ್ಥೆಯ ಪೀಟರ್ ಗೋಲ್ಡ್‌ಮಾರ್ಕ್ 1940ರಲ್ಲಿ ಪ್ರದರ್ಶಿಸಿದ ಪದ್ಧತಿಯಲ್ಲಿ ಪಿಕ್ಚರ್ ಟ್ಯೂಬ್ ಕಪ್ಪು-ಬಿಳುಪಿನದೇ ಆಗಿತ್ತು. ಅದರ ಮುಂದೆ ಬಣ್ಣದ ಗಾಳಿಸುವ ಹಾಳೆಗಳನ್ನು ಕೂಡಿಸಿದ ದೊಡ್ಡ ಚಕ್ರವೊಂದು ತಿರುಗುತ್ತಿತ್ತು. ಕೆಂಪು ಹಾಳೆ ಎದುರಿಗೆ ಬಂದಾಗ ಕೆಂಪಿನ ಚಿತ್ರ, ಹಸಿರು ಬಂದಾಗ ಹಸಿರಿನದು, ನೀಲಿ ಬಂದಾಗ ನೀಲಿಯದು. ಕಣ್ಣು ಮೂರನ್ನೂ ಬೆರೆಸಿಕೊಳ್ಳುತ್ತಿತ್ತು. ಬಣ್ಣ ನಿಚ್ಚಳವಾಗಿತ್ತೆಂದು ನೋಡಿದವರೆಲ್ಲ ಒಪ್ಪಿದ್ದರು. 1950ರ ಅಕ್ಟೋಬರಿನಲ್ಲಿ ಅಮೆರಿಕದ ಸಂಪರ್ಕ ಆಯೋಗ ಇದನ್ನೇ ದೇಶದ ಬಣ್ಣದ ಪದ್ಧತಿಯೆಂದು ಮಾನ್ಯ ಮಾಡಿತು. 1951ರ ಜೂನ್ 25ರಂದು ಪ್ರಸಾರವೂ ಆರಂಭವಾಯಿತು.

ಆದರೆ ಚಕ್ರದ ವ್ಯಾಸ ಚಿತ್ರದ ಅಗಲಕ್ಕಿಂತ ಎರಡು ಪಟ್ಟು ಮಿಗಿಲಾಗಿರಬೇಕಿತ್ತು. ಚಿತ್ರ ದೊಡ್ಡದಾದಂತೆ ಚಕ್ರವೂ ದೊಡ್ಡದು. ನಿಮಿಷಕ್ಕೆ 1,440 ಸುತ್ತು ತಿರುಗುವ ಅಂತಹ ಚಕ್ರವನ್ನು ಪಡಸಾಲೆಯಲ್ಲಿ ಇಟ್ಟುಕೊಳ್ಳುವವರಾರು? ಅದಕ್ಕೂ ದೊಡ್ಡ ದೋಷವೆಂದರೆ, ಜನರ ಮನೆಯಲ್ಲಿ ಅದಾಗಲೇ ಇದ್ದ ಕಪ್ಪು-ಬಿಳುಪು ಸೆಟ್‌ಗಳು ಈ ಪ್ರಸಾರವನ್ನು ಹಿಡಿಯಲಾರದೆ ಹೋದವು. ಕೊರಿಯಾ ಯುದ್ಧದ ಕಾರಣದಿಂದ ಅದೇ ವರ್ಷದ ಅಕ್ಟೋಬರಿನಲ್ಲಿ ಬಣ್ಣದ ಸೆಟ್‌ಗಳ ತಯಾರಿಕೆಯನ್ನು ಸರ್ಕಾರ ನಿಲ್ಲಿಸಿತು. ಪ್ರಸಾರ ನಾಲ್ಕು ತಿಂಗಳಷ್ಟೇ ಬದುಕಿತ್ತು. ವಿಚಿತ್ರವೆಂದರೆ ಚಕ್ರ ಸಾಯಲಿಲ್ಲ. ಅಪೋಲೊ ಯಾನಗಳ ಬಣ್ಣದ ಕ್ಯಾಮೆರಾದಲ್ಲಿ ಇದೇ ತತ್ತ್ವದ ಚಕ್ರವಿತ್ತು. ನಮ್ಮ ಸಭಾಂಗಣಗಳ ಡಿಎಲ್‌ಪಿ ಪ್ರೊಜೆಕ್ಟರುಗಳಲ್ಲಿ ಹಲವು ಇಂದಿಗೂ ಪುಟ್ಟ ಬಣ್ಣದ ಚಕ್ರವನ್ನು ತಿರುಗಿಸುತ್ತಿರುತ್ತವೆ.

ಕಪ್ಪು-ಬಿಳುಪು ಪರದೆಯ ಮುಂದೆ ಬಣ್ಣದ ಹಾಳೆ ಎಂದೊಡನೆ ನಮ್ಮ ಓದುಗರಲ್ಲಿ ನಡುವಯಸ್ಸು ದಾಟಿದವರಿಗೆ ಬೇರೊಂದು ನೆನಪಾಗದಿರದು. 1980ರ ದಶಕದಲ್ಲಿ ಮೇಲೆ ನೀಲಿ, ನಡುವೆ ಕೆಂಪು ಅಥವಾ ಹಳದಿ, ಕೆಳಗೆ ಹಸಿರು ಇದ್ದ ಪ್ಲಾಸ್ಟಿಕ್ ಹಾಳೆಯನ್ನು ಟಿ.ವಿ. ಮುಖಕ್ಕೆ ತೂಗುಹಾಕುವ ರೂಢಿಯಿತ್ತು. ಆಕಾಶ ನೀಲಿ, ಹುಲ್ಲು ಹಸಿರು. ಕ್ರಿಕೆಟ್ ಪಂದ್ಯವಾದರೆ ಅಷ್ಟಿಷ್ಟು ಹೊಂದುತ್ತಿತ್ತು; ವಾರ್ತಾವಾಚಕಿಯ ಹಣೆ ನೀಲಿಯಾಗುವುದನ್ನು ಮಾತ್ರ ತಪ್ಪಿಸಲಾಗುತ್ತಿರಲಿಲ್ಲ. ಇದೇ ತೆರನಾದ ಹಾಳೆ 1950ರ ದಶಕದ ಅಮೆರಿಕದಲ್ಲೂ ಮಾರಾಟವಾಗಿತ್ತು.

ಬೇರ್ಡ್‌ನ ಅಭ್ರಕ, ಗೀರ್‌ನ ಗೋಪುರ

ದೂರದರ್ಶನದ ಆದ್ಯರಲ್ಲೊಬ್ಬನಾದ ಸ್ಕಾಟ್ಲೆಂಡಿನ ಜಾನ್ ಲೋಗಿ ಬೇರ್ಡ್ ತನ್ನ ಕೊನೆಯ ವರ್ಷಗಳಲ್ಲಿ ಬಣ್ಣದ ಟ್ಯೂಬಿನ ಬೆನ್ನು ಹತ್ತಿದ್ದ. 1944ರ ಆಗಸ್ಟ್ 16ರಂದು ಲಂಡನ್ನಿನ ತನ್ನ ಮನೆಯ ಪ್ರಯೋಗಾಲಯದಲ್ಲಿ ಆತ ತೋರಿಸಿದ ಟೆಲಿಕ್ರೋಮ್ ಟ್ಯೂಬಿನ ನಡುವೆ ತೆಳುವಾದ ಅಭ್ರಕದ ಹಾಳೆಯೊಂದಿತ್ತು. ಅದರ ಒಂದು ಮೈಗೆ ಕಿತ್ತಳೆಗೆಂಪು, ಇನ್ನೊಂದು ಮೈಗೆ ನೀಲಿಹಸಿರು ಪುಡಿ. ಎರಡು ಬದಿಯಿಂದ ಎರಡು ಗನ್‌ಗಳು. ಪ್ರತಿಯೊಂದು ಎಳೆಯೂ ತನ್ನ ಮೈಯನ್ನಷ್ಟೇ ಕಾಣುತ್ತಿದ್ದರಿಂದ ಬಣ್ಣ ತಪ್ಪುವ ಪ್ರಶ್ನೆಯೇ ಇರಲಿಲ್ಲ. ಚಕ್ರವಿಲ್ಲ, ಕನ್ನಡಿಯಿಲ್ಲ, ಒಂದೇ ಟ್ಯೂಬಿನೊಳಗೆ ಬಣ್ಣದ ಚಿತ್ರ ಮೂಡಿಸಿದ ಮೊದಲ ಯತ್ನಗಳಲ್ಲಿ ಇದಕ್ಕೆ ಗೌರವದ ಸ್ಥಾನವಿದೆ. ಮೂರನೆಯ ಬಣ್ಣಕ್ಕಾಗಿ ಹಾಳೆಯ ಒಂದು ಮೈಯಲ್ಲಿ ಏಣುಗಳನ್ನು ಎಬ್ಬಿಸಿ, ಏಣಿನ ಒಂದು ಇಳಿಜಾರಿಗೆ ಒಂದು ಬಣ್ಣ, ಮತ್ತೊಂದಕ್ಕೆ ಇನ್ನೊಂದು ಬಣ್ಣ ಹಚ್ಚುವ ಯೋಜನೆಯನ್ನೂ ಆತ ರೂಪಿಸಿದ್ದ. 1946ರ ಜೂನ್‌ನಲ್ಲಿ ಬೇರ್ಡ್ ತೀರಿಕೊಂಡಾಗ ಆ ಕೆಲಸವೂ ನಿಂತಿತು.

ಇಳಿಜಾರಿನ ಯೋಚನೆ ಅಮೆರಿಕದಲ್ಲಿ ಮತ್ತೊಬ್ಬರಿಗೂ ಹೊಳೆದಿತ್ತು. ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಅಧ್ಯಾಪಕ ವಿಲರ್ಡ್ ಗೀರ್ ಪರದೆಯ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಮುಮ್ಮೂಲೆ ಗೋಪುರಗಳನ್ನು ಎಬ್ಬಿಸಿದರು. ಪ್ರತಿ ಗೋಪುರದ ಮೂರು ಮುಖಗಳಿಗೆ ಮೂರು ಬಣ್ಣದ ಪುಡಿ. ಮೂರು ದಿಕ್ಕಿನಿಂದ ಮೂರು ಗನ್‌ಗಳು ಓರೆಯಾಗಿ ಎಳೆಗಳನ್ನು ಬೀರಿದಾಗ ಒಂದೊಂದು ಎಳೆಗೆ ಒಂದೊಂದು ಮುಖ ಮಾತ್ರ ಸಿಗುತ್ತದೆ. ಸಿನಿಮಾಕ್ಕೆ ಬಣ್ಣ ತಂದ ಟೆಕ್ನಿಕಲರ್ ಸಂಸ್ಥೆಯೇ ಇದರ ಹಕ್ಕನ್ನು ಕೊಂಡಿತ್ತು. ಕಾಗದದ ಮೇಲೆ ಸುಂದರವಾದ ಈ ವಿನ್ಯಾಸ ಕೆಲಸದಲ್ಲಿ ಕೈಕೊಟ್ಟಿತು. ಓರೆಯಾಗಿ ಬೀಳುವ ಪ್ರತಿ ಎಳೆಯೂ ಚೌಕ ಚಿತ್ರವನ್ನು ಒಂದೊಂದು ಬಗೆಯಲ್ಲಿ ಸೊಟ್ಟ ಮಾಡುತ್ತಿತ್ತು. ಮೂರು ಸೊಟ್ಟಗಳನ್ನು ಒಂದರ ಮೇಲೊಂದು ಹೊಂದಿಸುವುದು ಅಂದಿನ ಸರ್ಕ್ಯೂಟುಗಳಿಗೆ ಆಗದ ಮಾತು. ಒಂದು ಮುಖಕ್ಕೆ ಬಡಿದ ಎಲೆಕ್ಟ್ರಾನುಗಳು ಪುಟಿದು ಪಕ್ಕದ ಮುಖವನ್ನೂ ಬೆಳಗಿಸುತ್ತಿದ್ದವು. ಮೂರು ಕಡೆ ಚಾಚಿದ ಕುತ್ತಿಗೆಗಳಿಂದಾಗಿ ಪೆಟ್ಟಿಗೆ ಬೃಹದಾಕಾರ ತಾಳುತ್ತಿತ್ತು.

ಆರ್‌ಸಿಎಯ ಆರು ತಿಂಗಳು

ಸಿಬಿಎಸ್‌ನ ಚಕ್ರಕ್ಕೆ ಸರ್ಕಾರದ ಮನ್ನಣೆ ದೊರೆಯುವ ಸೂಚನೆ ಸಿಕ್ಕಾಗ ಹೆಚ್ಚು ಕಂಗೆಟ್ಟದ್ದು ಡೇವಿಡ್ ಸರ್ನಾಫ್ ನಾಯಕತ್ವದ ಆರ್‌ಸಿಎ. ಆ ಸಂಸ್ಥೆಯ ಬಳಿ ಇದ್ದುದು ಮೂರು ಟ್ಯೂಬ್‌ಗಳ ಚಿತ್ರವನ್ನು ವಿಶೇಷ ಕನ್ನಡಿಗಳಿಂದ ಒಂದಾಗಿಸುವ ಬೀರುವಿನಂತಹ ಯಂತ್ರ. 1949ರ ಸೆಪ್ಟೆಂಬರಿನಲ್ಲಿ ಪ್ರಿನ್ಸ್‌ಟನ್ ಪ್ರಯೋಗಾಲಯಕ್ಕೆ ತುರ್ತು ಆಜ್ಞೆ ಹೋಯಿತು: ಒಂದೇ ಟ್ಯೂಬಿನ ಬಣ್ಣದ ಚಿತ್ರ ಸಾಧ್ಯವೆಂಬುದನ್ನು ಕೆಲವೇ ತಿಂಗಳಲ್ಲಿ ತೋರಿಸಬೇಕು. ಎಡ್ವರ್ಡ್ ಹೆರಾಲ್ಡ್ ಅವರ ಮೇಲ್ವಿಚಾರಣೆಯಲ್ಲಿ ಹಲವು ತಂಡಗಳು ಹಲವು ದಾರಿಗಳಲ್ಲಿ ಏಕಕಾಲಕ್ಕೆ ಹೊರಟವು. ಗೆರೆಗಳ ಪರದೆ, ಜಾಲರಿಯಿಂದ ಬಣ್ಣ ಬದಲಿಸುವ ಟ್ಯೂಬ್, ಎಳೆಯನ್ನು ಪರದೆಯತ್ತ ಹಿಮ್ಮೆಟ್ಟಿಸುವ ಟ್ಯೂಬ್, ಒಂದು ಗನ್‌ನ ರಂಧ್ರ ಮುಸುಕು, ಮೂರು ಗನ್‌ನ ರಂಧ್ರ ಮುಸುಕು. ಒಂದೇ ಮನೆಯೊಳಗೆ ಇಷ್ಟೊಂದು ಪ್ರತಿಸ್ಪರ್ಧಿಗಳನ್ನು ಬೆಳೆಸಿ, ಕೊನೆಗೆ ಗೆದ್ದವನನ್ನು ಆರಿಸಿಕೊಂಡ ರೀತಿ ಉದ್ಯಮ ಚರಿತ್ರೆಯಲ್ಲಿ ಅಪರೂಪವೇ ಸರಿ.

ಗೆದ್ದದ್ದು ಷ್ಯಾಡೋ ಮಾಸ್ಕ್ ಎಂದು ಹೆಸರಾದ ರಂಧ್ರ ಮುಸುಕು. ಪರದೆಯ ಹಿಂದೆ ಸ್ವಲ್ಪ ಅಂತರದಲ್ಲಿ ಲಕ್ಷಾಂತರ ತೂತುಗಳಿರುವ ತೆಳುವಾದ ಲೋಹದ ಹಾಳೆ. ಕುತ್ತಿಗೆಯಲ್ಲಿ ಮುಕ್ಕೋನವಾಗಿ ನಿಂತ ಮೂರು ಗನ್‌ಗಳಿಂದ ಹೊರಟ ಮೂರು ಎಳೆಗಳು ಒಂದೇ ತೂತಿನ ಮೂಲಕ ಹಾಯುತ್ತವೆ. ಬರುವ ಕೋನ ಬೇರೆಯಾದ್ದರಿಂದ ತೂತಿನಾಚೆ ಮೂರೂ ಬೇರೆಬೇರೆ ಚುಕ್ಕೆಗೆ ಬೀಳುತ್ತವೆ. ಜಾಲಂದರದ ಕಿಂಡಿಯೊಂದಕ್ಕೆ ಮೂರು ಕಡೆಯಿಂದ ದೀಪ ಹಿಡಿದರೆ ಎದುರಿನ ಗೋಡೆಯ ಮೇಲೆ ಮೂರು ಬೆಳಕಿನ ಚುಕ್ಕೆಗಳು ಬಿದ್ದಂತೆ. ಈ ಯೋಚನೆಗೆ ಪೂರ್ವಜನೊಬ್ಬನಿದ್ದ: ಜರ್ಮನಿಯ ವೆರ್ನರ್ ಫ್ಲೆಕ್ಸಿಗ್ 1938ರಲ್ಲೇ ತಂತಿಗಳ ಸಾಲಿನಿಂದ ಇದೇ ಕೆಲಸ ಸಾಧಿಸುವ ಪೇಟೆಂಟ್ ಅರ್ಜಿ ಹಾಕಿದ್ದ. ಆರ್‌ಸಿಎಯ ಆಲ್ಫ್ರೆಡ್ ಷ್ರೋಡರ್ ಮೂರು ಗನ್‌ಗಳ ಜೋಡಣೆಯನ್ನು ಯೋಚಿಸಿದರು.

ಆದರೆ ಯೋಚನೆಗೂ ಟ್ಯೂಬಿಗೂ ನಡುವೆ ಒಂದು ಕಂದಕವಿತ್ತು. ಲಕ್ಷಾಂತರ ಚುಕ್ಕೆಗಳನ್ನು ಮುಸುಕಿನ ತೂತುಗಳಿಗೆ ಒಂದೂ ತಪ್ಪದಂತೆ ಹೊಂದಿಸಿ ಇಡುವವರಾರು? ಕೈಯಿಂದಾಗಲಿ ಅಚ್ಚಿನಿಂದಾಗಲಿ ಆಗುವ ಕೆಲಸವಲ್ಲ. ಹೆರಾಲ್ಡ್ ಲಾ ಎಂಬ ವಿಜ್ಞಾನಿ ಇದನ್ನು ಬಿಡಿಸಿದ ಬಗೆ ಈ ಇಡೀ ಕಥೆಯ ಅತ್ಯುತ್ತಮ ಘಟ್ಟ. ಎಲೆಕ್ಟ್ರಾನಿನ ಎಳೆ ಎಲ್ಲಿಂದ ತಿರುಗಿ ಹೊರಡುತ್ತದೆಯೋ ಸರಿಯಾಗಿ ಆ ಬಿಂದುವಿನಲ್ಲಿ ಆತ ಒಂದು ದೀಪವನ್ನಿಟ್ಟರು. ಬೆಳಕು ಮುಸುಕಿನ ತೂತುಗಳ ಮೂಲಕ ಹಾದು ಛಾಯಾಗ್ರಹಣದ ಫಲಕದ ಮೇಲೆ ಬಿದ್ದು, ಕೆಂಪು ಚುಕ್ಕೆಗಳು ಎಲ್ಲಿರಬೇಕೆಂದು ತಾನೇ ಗುರುತಿಸಿತು. ದೀಪವನ್ನು ಎರಡನೆಯ ಗನ್‌ನ ಸ್ಥಾನಕ್ಕೆ ಸರಿಸಿದರೆ ಹಸಿರಿನ ಸ್ಥಾನ, ಮೂರನೆಯದಕ್ಕೆ ಸರಿಸಿದರೆ ನೀಲಿಯ ಸ್ಥಾನ. ಮುಸುಕೇ ತನ್ನ ಪರದೆಯನ್ನು ತಾನೇ ಬರೆದುಕೊಂಡಂತಾಯಿತು. ಮುಸುಕಿನಲ್ಲಿ ಅಲ್ಪಸ್ವಲ್ಪ ದೋಷವಿದ್ದರೂ ಅದೇ ದೋಷ ಪರದೆಗೂ ಇಳಿಯುವುದರಿಂದ ಎರಡೂ ಹೊಂದಿಕೊಳ್ಳುತ್ತವೆ. ಲೈಟ್‌ಹೌಸ್ ಎಂದು ಹೆಸರಾದ ಈ ದೀಪಗೂಡಿನ ವಿಧಾನ ಪಿಕ್ಚರ್ ಟ್ಯೂಬ್ ಯುಗ ಮುಗಿಯುವವರೆಗೂ ಕಾರ್ಖಾನೆಗಳಲ್ಲಿ ಉಳಿಯಿತು.

1950ರ ಮಾರ್ಚ್ 29ರಂದು ವಾಷಿಂಗ್ಟನ್ನಿನಲ್ಲಿ ಆರ್‌ಸಿಎ ತನ್ನ ಟ್ಯೂಬನ್ನು ತೋರಿಸಿತು. ಮುಸುಕಿನಲ್ಲಿ 1,17,000 ತೂತುಗಳು, ಪರದೆಯಲ್ಲಿ 3,51,000 ಚುಕ್ಕೆಗಳು. ಅದೇ ವರ್ಷ ಚಕ್ರಕ್ಕೆ ಮನ್ನಣೆ ಸಿಕ್ಕರೂ ಗಾಳಿ ಅದಾಗಲೇ ತಿರುಗಿತ್ತು. ಹಳೆಯ ಸೆಟ್‌ಗಳಲ್ಲೂ ಕಪ್ಪು-ಬಿಳುಪಾಗಿ ಕಾಣುವಂತಹ ಎನ್‌ಟಿಎಸ್‌ಸಿ ಬಣ್ಣದ ಪದ್ಧತಿಗೆ 1953ರ ಡಿಸೆಂಬರ್ 17ರಂದು ಅನುಮತಿ ದೊರೆಯಿತು. 1954ರಲ್ಲಿ ಮಾರುಕಟ್ಟೆಗೆ ಬಂದ ಆರ್‌ಸಿಎಯ ಸಿಟಿ-100 ಸೆಟ್ಟಿನ ಬೆಲೆ 1,000 ಡಾಲರ್. ಅದರ ಟ್ಯೂಬಿನಲ್ಲಿ ಪರದೆ ಚಪ್ಪಟೆಯಾದ ಗಾಜಿನ ತಟ್ಟೆಯಾಗಿ ಟ್ಯೂಬಿನ ಒಳಗೆ ನಿಂತಿತ್ತು. ಪುಡಿಯನ್ನು ಟ್ಯೂಬಿನ ಬಾಗಿದ ಮುಖಕ್ಕೇ ನೇರವಾಗಿ ಹಚ್ಚುವ, ಮುಸುಕನ್ನೂ ಅದಕ್ಕೆ ತಕ್ಕಂತೆ ಬಾಗಿಸುವ ಸುಧಾರಣೆ ಬಂದದ್ದು ಸೋತ ಎದುರಾಳಿ ಸಿಬಿಎಸ್‌ನ ಟ್ಯೂಬ್ ವಿಭಾಗದಿಂದ. ಆರ್‌ಸಿಎ ಕೂಡ ಅದೇ ದಾರಿ ಹಿಡಿಯಬೇಕಾಯಿತು.

ಗೆದ್ದ ಟ್ಯೂಬ್ ನಿರ್ದೋಷಿಯಾಗಿತ್ತೆಂದು ಭಾವಿಸಬಾರದು. ಮುಸುಕಿಗೆ ಬಡಿದು ವ್ಯರ್ಥವಾಗುತ್ತಿದ್ದ ಎಲೆಕ್ಟ್ರಾನುಗಳ ಪಾಲು ನೂರಕ್ಕೆ ಎಂಬತ್ತಕ್ಕೂ ಹೆಚ್ಚು. ವಿದ್ಯುತ್ತಿನ ಬಹುಪಾಲು ಲೋಹದ ಹಾಳೆಯನ್ನು ಕಾಯಿಸಲು ಹೋಗಿ, ಚಿತ್ರ ಮಂಕಾಗುತ್ತಿತ್ತು. ಮೂರು ಎಳೆಗಳು ಪರದೆಯ ಮೂಲೆಮೂಲೆಯಲ್ಲೂ ಒಂದಾಗುವಂತೆ ಹತ್ತಾರು ತಿರುಪುಗಳನ್ನು ತಿರುಗಿಸಿ ಸರಿಪಡಿಸಬೇಕಿತ್ತು. ಹೀಗಾಗಿಯೇ ಇದಕ್ಕಿಂತ ಒಳ್ಳೆಯದೊಂದು ಇರಲೇಬೇಕೆಂಬ ಹುಡುಕಾಟ ಮುಂದಿನ ಹದಿನೈದು ವರ್ಷ ನಿಲ್ಲಲಿಲ್ಲ.

ನೊಬೆಲ್ ವಿಜ್ಞಾನಿಯ ತಂತಿಗಳು

ಸೈಕ್ಲೋಟ್ರಾನ್ ನಿರ್ಮಿಸಿ 1939ರ ನೊಬೆಲ್ ಪಡೆದ ಅರ್ನೆಸ್ಟ್ ಲಾರೆನ್ಸ್‌ಗೂ ಟಿ.ವಿ.ಗೂ ಏನು ಸಂಬಂಧವೆಂದು ಕೇಳಬಹುದು. ಆತ ತನ್ನ ಮನೆಯ ಗ್ಯಾರೇಜಿನಲ್ಲಿ ಬಣ್ಣದ ಟ್ಯೂಬಿನ ಪ್ರಯೋಗ ನಡೆಸಿ ಕ್ರೊಮಾಟ್ರಾನ್ ಎಂಬ ವಿನ್ಯಾಸವನ್ನು ರೂಪಿಸಿದ. ಹಾಲಿವುಡ್ಡಿನ ಪ್ಯಾರಮೌಂಟ್ ಸಂಸ್ಥೆ ಹಣ ಹೂಡಿತು. ಮುಸುಕಿನ ಬದಲಿಗೆ ಪರದೆಯ ಹಿಂದೆ ಲಂಬವಾಗಿ ಬಿಗಿದ ಸಣ್ಣ ತಂತಿಗಳ ಸಾಲು. ಗನ್ ಒಂದೇ. ಒಂದು ಬಿಟ್ಟು ಒಂದು ತಂತಿಯನ್ನು ಎರಡು ಗುಂಪಾಗಿ ಕೂಡಿಸಿ, ಎರಡರ ನಡುವೆ ವೋಲ್ಟೇಜ್ ಇಲ್ಲದಾಗ ಎಳೆ ನೇರ ಹೋಗಿ ಹಸಿರು ಗೆರೆಗೆ, ಒಂದು ಕಡೆಗೆ ವೋಲ್ಟೇಜ್ ಕೊಟ್ಟಾಗ ಕೆಂಪಿಗೆ, ಇನ್ನೊಂದು ಕಡೆಗೆ ಕೊಟ್ಟಾಗ ನೀಲಿಗೆ ವಾಲುತ್ತಿತ್ತು. ತಂತಿಗಳ ನಡುವೆ ಜಾಗ ಬೇಕಾದಷ್ಟಿದ್ದುದರಿಂದ ಬಹುಪಾಲು ಎಲೆಕ್ಟ್ರಾನುಗಳು ಪರದೆ ತಲುಪುತ್ತಿದ್ದವು. ಚಿತ್ರ ಕಣ್ಣು ಕೋರೈಸುವಷ್ಟು ಬೆಳಗುತ್ತಿತ್ತು.

ಸಮಸ್ಯೆ ತಂತಿಗಳಲ್ಲೇ ಇತ್ತು. ಬಣ್ಣದ ಸಂಕೇತದ ವೇಗಕ್ಕೆ ಸರಿಯಾಗಿ, ಅಂದರೆ ಸೆಕೆಂಡಿಗೆ 35 ಲಕ್ಷಕ್ಕೂ ಹೆಚ್ಚು ಸಲ ಅವುಗಳ ವೋಲ್ಟೇಜನ್ನು ಹೊಯ್ದಾಡಿಸಬೇಕು. ಅಷ್ಟು ತಂತಿಗಳನ್ನು ಅಷ್ಟು ವೇಗದಲ್ಲಿ ಅಲುಗಿಸಲು ಸಾಕಷ್ಟು ಶಕ್ತಿ ಬೇಕು, ಆಗ ಟಿ.ವಿ.ಯೇ ಸಣ್ಣದೊಂದು ರೇಡಿಯೊ ಪ್ರಸಾರಕವಾಗಿ ನೆರೆಮನೆಯ ಸೆಟ್ಟುಗಳಿಗೆ ಕಾಟ ಕೊಡುತ್ತಿತ್ತು. ತಂತಿಗಳನ್ನು ಬಿಗಿತ ತಪ್ಪದಂತೆ ಕೂರಿಸುವುದು ಇನ್ನೊಂದು ತಲೆನೋವು. ಅಮೆರಿಕದಲ್ಲಿ ಅದು ನೆಲೆಗೊಳ್ಳಲಿಲ್ಲ.

1961ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ಕ್ರೊಮಾಟ್ರಾನಿನ ಹೊಳಪನ್ನು ಕಂಡು ಮರುಳಾದವರು ಜಪಾನಿನ ಸೋನಿ ಸಂಸ್ಥೆಯ ಮಸಾರು ಇಬುಕ. ಎಲ್ಲರೂ ಷ್ಯಾಡೋ ಮಾಸ್ಕ್ ಹಿಡಿದಿರುವಾಗ ತಮ್ಮದು ಬೇರೆಯೇ ಆಗಿರಬೇಕೆಂಬ ಛಲ ಅವರದು. ಪರವಾನಗಿ ಪಡೆದು, ವರ್ಷಗಟ್ಟಲೆ ಹೆಣಗಿ, 1965ರಲ್ಲಿ ಸೆಟ್ ಮಾರಾಟಕ್ಕಿಟ್ಟರು. ಬೆಲೆ 1,98,000 ಯೆನ್. ತಯಾರಿಕೆಯ ವೆಚ್ಚ ಅದರ ಎರಡರಷ್ಟನ್ನೂ ಮೀರಿತ್ತು. ಮಾರಿದಷ್ಟೂ ನಷ್ಟ. ಸುಮಾರು 13,000 ಸೆಟ್‌ಗಳಾಗುವ ಹೊತ್ತಿಗೆ ಸಂಸ್ಥೆಯ ಬುಡವೇ ಅಲುಗಾಡತೊಡಗಿತು. ಆ ಸಂಕಟದಿಂದ ಹೊರಬಂದದ್ದು ಟ್ರಿನಿಟ್ರಾನ್: ಒಂದೇ ಗನ್‌ನೊಳಗೆ ಅಕ್ಕಪಕ್ಕದ ಮೂರು ಕ್ಯಾಥೋಡುಗಳು, ದುಂಡು ತೂತುಗಳ ಬದಲಿಗೆ ಮೇಲಿಂದ ಕೆಳಗಿನವರೆಗೆ ಉದ್ದುದ್ದ ಸೀಳುಗಳಿರುವ ಲೋಹದ ಹಾಳೆ. ಸುಸುಮು ಯೋಶಿದಾ, ಸೆನ್ರಿ ಮಿಯಾವೋಕ, ಅಕಿಯೊ ಓಗೋಶಿ ಅವರ ತಂಡ ರೂಪಿಸಿದ ಈ ಟ್ಯೂಬಿನ ಸೆಟ್ಟುಗಳು 1968ರ ಅಕ್ಟೋಬರಿನಲ್ಲಿ ಅಂಗಡಿಗೆ ಬಂದವು. ತಂತಿಗಳ ಹೊಯ್ದಾಟ ಹೋಯಿತು, ಲಂಬ ಸೀಳುಗಳ ಹೊಳಪು ಉಳಿಯಿತು. ಟ್ರಿನಿಟ್ರಾನ್ ಪರದೆಯಲ್ಲಿ ಅಡ್ಡಲಾಗಿ ಕೂದಲಿನಂತಹ ನೆರಳುಗೆರೆಯೊಂದನ್ನು ಕಂಡು ಇದು ದೋಷವೆಂದು ಅಂಗಡಿಯವನೊಡನೆ ಜಗಳವಾಡಿದ ಗ್ರಾಹಕರು ಕಡಿಮೆಯಿರಲಾರರು. ಅದು ದೋಷವಲ್ಲ, ಆ ಸೀಳುಗಳ ಹಾಳೆ ಕಂಪಿಸದಂತೆ ಅಡ್ಡಲಾಗಿ ಬಿಗಿದ ತಂತಿಯ ನೆರಳು.

ಹಣ್ಣಿನ ಹೆಸರುಗಳು

ಫಿಲ್ಕೊ ಸಂಸ್ಥೆ 1950ರ ದಶಕದಲ್ಲಿ ಆಪಲ್ ಎಂಬ ಗುಪ್ತನಾಮದಲ್ಲಿ ಬೆಳೆಸಿದ ಟ್ಯೂಬಿನಲ್ಲಿ ಮುಸುಕೂ ಇಲ್ಲ, ತಂತಿಯೂ ಇಲ್ಲ. ಎಳೆ ಎಲ್ಲಿದೆಯೆಂದು ಪರದೆಯೇ ಹೇಳುತ್ತಿತ್ತು. ಬಣ್ಣದ ಗೆರೆಗಳ ಹಿಂದೆ ಹಾಸಿದ ಸೂಚಕ ಗೆರೆಗಳನ್ನು ಎಳೆ ದಾಟಿದಾಗಲೆಲ್ಲ ಒಂದು ವಿದ್ಯುತ್ ಸುಳಿವು ಹೊಮ್ಮಿ, ಅದನ್ನು ಹಿಡಿದು ಸರ್ಕ್ಯೂಟು ಮುಂದಿನ ಬಣ್ಣದ ಸಂಕೇತವನ್ನು ತಕ್ಕ ಕ್ಷಣಕ್ಕೆ ಗನ್‌ಗೆ ಕಳುಹಿಸುತ್ತಿತ್ತು. ಬುದ್ಧಿವಂತಿಕೆಯಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಈ ಲೆಕ್ಕಾಚಾರವನ್ನೆಲ್ಲ ಅಂದು ಮಾಡಬೇಕಾಗಿದ್ದುದು ವಾಲ್ವುಗಳು. ಟ್ಯೂಬಿನಲ್ಲಿ ಉಳಿಸಿದ ಹಣ ಸರ್ಕ್ಯೂಟಿಗೆ ಸುರಿದುಹೋಯಿತು. ಇದು ಮೂವತ್ತು ವರ್ಷ ಮುಂಚೆ ಹುಟ್ಟಿದ ಟ್ಯೂಬ್ ಎನ್ನುವುದೇ ಸರಿ. 1980ರ ದಶಕದಲ್ಲಿ ಐ.ಸಿ.ಗಳು ಅಗ್ಗವಾದ ಮೇಲೆ ಸೋನಿ ಇದೇ ತತ್ತ್ವದ ಇಂಡೆಕ್ಸ್‌ಟ್ರಾನ್ ಟ್ಯೂಬನ್ನು ಪುಟ್ಟ ಸೆಟ್ಟುಗಳಲ್ಲಿ ಬಳಸಿತು.

ಬ್ರಿಟನ್ನಿನ ಮುಲ್ಲಾರ್ಡ್ ಪ್ರಯೋಗಾಲಯ 1961ರಲ್ಲಿ ಪ್ರಕಟಿಸಿದ್ದು ಬನಾನಾ ಟ್ಯೂಬ್. ಬಾಳೆಹಣ್ಣಿನಂತೆ ಉದ್ದನೆಯ ಸಣ್ಣ ನಾಳ. ಅದರೊಳಗೆ ಚಿತ್ರದ ಒಂದೇ ಒಂದು ಸಾಲು. ಸುತ್ತಲೂ ಮಸೂರಗಳ ಉರುಳೆ ತಿರುಗುತ್ತ ಆ ಸಾಲನ್ನು ಮೇಲಿಂದ ಕೆಳಗೆ ಹರಡುತ್ತಿತ್ತು. ನೋಡುಗ ದೊಡ್ಡ ಕನ್ನಡಿಯಲ್ಲಿ ಚಿತ್ರವನ್ನು ಕಾಣಬೇಕು. ತಿರುಗುವ ಯಂತ್ರಕ್ಕೆ ಹತ್ತು ವರ್ಷದ ಹಿಂದೆಯೇ ಸೋಲಾಗಿತ್ತೆಂಬುದನ್ನು ಅವರು ಮರೆತರೆಂದು ತೋರುತ್ತದೆ.

ಇನ್ನೊಂದು ಬಗೆ ಪೆನೆಟ್ರಾನ್. ಕೆಂಪು, ಹಸಿರು ಪುಡಿಗಳನ್ನು ಒಂದರ ಮೇಲೊಂದು ಪದರವಾಗಿ ಹಚ್ಚಿ, ಎಲೆಕ್ಟ್ರಾನುಗಳ ವೇಗ ಕಡಿಮೆಯಿದ್ದಾಗ ಮೊದಲ ಪದರ, ಹೆಚ್ಚಿದಾಗ ಎರಡನೆಯ ಪದರ ಬೆಳಗುವಂತೆ ಮಾಡಲಾಗಿತ್ತು. ಸಾವಿರಾರು ವೋಲ್ಟುಗಳನ್ನು ಕ್ಷಣಾರ್ಧದಲ್ಲಿ ಏರಿಳಿಸುವುದು ಟಿ.ವಿ.ಗೆ ಒಗ್ಗಲಿಲ್ಲ. ರೆಡಾರ್ ಪರದೆಗಳಲ್ಲಿ ಮಾತ್ರ ಅದಕ್ಕೆ ಬಾಳು ಸಿಕ್ಕಿತು.

ಈ ನಡುವೆ ಷ್ಯಾಡೋ ಮಾಸ್ಕ್ ಸುಮ್ಮನೆ ಕುಳಿತಿರಲಿಲ್ಲ. 1964ರಲ್ಲಿ ಯೂರೋಪಿಯಂ ಎಂಬ ವಿರಳ ಲೋಹವನ್ನು ಬೆರೆಸಿದ ಕೆಂಪು ಪುಡಿ ಬಂದು, ಸೊರಗಿದ್ದ ಕೆಂಪಿಗೆ ಜೀವ ಬಂತು. 1966ರಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆ ಮೂರು ಗನ್‌ಗಳನ್ನು ಮುಕ್ಕೋನದ ಬದಲು ಒಂದೇ ಸಾಲಿನಲ್ಲಿ ನಿಲ್ಲಿಸಿತು. 1972ರಲ್ಲಿ ಆರ್‌ಸಿಎ ಅದನ್ನು ಪಳಗಿಸಿ, ಎಳೆಗಳು ತಾವಾಗಿಯೇ ಒಂದಾಗುವ ಪಿಐಎಲ್ ಟ್ಯೂಬನ್ನು ಹೊರತಂದಿತು. ಹತ್ತಾರು ತಿರುಪುಗಳ ಕಾಟ ಬಹುಮಟ್ಟಿಗೆ ಕೊನೆಗೊಂಡಿತು. ಜಾಣತನದ ವಿನ್ಯಾಸಗಳೆದುರು ಒರಟು ವಿನ್ಯಾಸ ಗೆದ್ದದ್ದು ಹೀಗೆ: ಅದರ ದೋಷಗಳನ್ನು ಒಂದೊಂದಾಗಿ ತಿದ್ದಬಹುದಾಗಿತ್ತು, ಮತ್ತು ಅದಕ್ಕೆ ಸರ್ಕ್ಯೂಟಿನ ಬುದ್ಧಿ ಹೆಚ್ಚು ಬೇಕಿರಲಿಲ್ಲ.

ಕನ್ನಡ ನಾಡಿಗೆ ಬಂದ ಬಣ್ಣ

ಕರ್ನಾಟಕದ ಹಳ್ಳಿಗರು ಟಿ.ವಿ.ಯನ್ನು ಮೊದಲು ಕಂಡದ್ದು ಬೆಂಗಳೂರಿನಲ್ಲಲ್ಲ. ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ 2,400 ಹಳ್ಳಿಗಳಲ್ಲಿ ನಡೆದ ಸೈಟ್ ಪ್ರಯೋಗದ ಸೆಟ್ಟುಗಳು ಕಪ್ಪು-ಬಿಳುಪಿನವು. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಮರುವರ್ಷದ ಆಗಸ್ಟ್ 15ರಂದು ದೇಶದಲ್ಲಿ ಬಣ್ಣದ ಪ್ರಸಾರ ಮೊದಲಾಯಿತು. ನವೆಂಬರಿನ ದೆಹಲಿ ಏಷ್ಯನ್ ಕ್ರೀಡಾಕೂಟ ಅದಕ್ಕೆ ರಂಗೇರಿಸಿತು. ಜರ್ಮನಿಯ ವಾಲ್ಟರ್ ಬ್ರೂಕ್ ರೂಪಿಸಿದ ಪಾಲ್ ಪದ್ಧತಿಯನ್ನು ಭಾರತ ಆರಿಸಿಕೊಂಡಿತು. ಷ್ಯಾಡೋ ಮಾಸ್ಕ್ ಮೊದಲ ಪ್ರದರ್ಶನ ಕಂಡು ಆಗ ಮೂವತ್ತೆರಡು ವರ್ಷಗಳಾಗಿದ್ದವು. ಡೆಲ್ಟಾ ಗನ್‌ನ ತಿರುಪುಗಳೊಡನೆ ಗುದ್ದಾಡುವ ಕಷ್ಟ ನಮ್ಮ ಬಹುಪಾಲು ಮೆಕ್ಯಾನಿಕರಿಗೆ ಬರಲೇ ಇಲ್ಲ.

ಪಿಕ್ಚರ್ ಟ್ಯೂಬ್ ತಯಾರಿಕೆ ಕರ್ನಾಟಕಕ್ಕೆ ಹೊಸದಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ನಮ್ಮೆಲ್ಲರ ಬಿಇಎಲ್, 1970ರಲ್ಲಿಯೇ ಕಪ್ಪು-ಬಿಳುಪು ಟ್ಯೂಬ್‌ಗಳ ತಯಾರಿಕೆ ಆರಂಭಿಸಿತ್ತು. 1972ರಲ್ಲಿ ದೂರದರ್ಶನಕ್ಕೆ ಟಿ.ವಿ. ಪ್ರಸಾರಕಗಳನ್ನೂ ಕಟ್ಟಿಕೊಟ್ಟಿತು. ಗಾಜನ್ನು ನಿರ್ವಾತಗೊಳಿಸುವ, ಫಾಸ್ಫರ್ ಹಚ್ಚುವ, ಗನ್ ಜೋಡಿಸುವ ಕುಶಲಕರ್ಮಿಗಳ ಒಂದು ಪೀಳಿಗೆಯೇ ಜಾಲಹಳ್ಳಿಯಲ್ಲಿ ತಯಾರಾಗಿತ್ತು. ಆದರೆ ಬಣ್ಣದ ಟ್ಯೂಬ್‌ಗಳ ದೊಡ್ಡ ಕಾರ್ಖಾನೆಗಳು ತಲೆಯೆತ್ತಿದ್ದು ಉತ್ತರ ಭಾರತದಲ್ಲಿ, ಜಪಾನಿನ ತಂತ್ರಜ್ಞಾನ ತಂದ ಖಾಸಗಿ ಸಂಸ್ಥೆಗಳ ಕೈಯಲ್ಲಿ. ಕಪ್ಪು-ಬಿಳುಪಿನಲ್ಲಿ ಗಳಿಸಿದ ಪರಿಣತಿ ಬಣ್ಣಕ್ಕೆ ಹರಿಯದೆ ಹೋದದ್ದು ಕರ್ನಾಟಕದ ಮಟ್ಟಿಗೆ ಕಳೆದುಹೋದ ಅವಕಾಶವೆಂದೇ ಹೇಳಬೇಕು.

ಬಣ್ಣ ಬಂದೊಡನೆ ಎಲ್ಲರ ಮನೆಗೂ ಬರಲಿಲ್ಲ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' 1980ರ ದಶಕದ ಉತ್ತರಾರ್ಧದಲ್ಲಿ ಬಣ್ಣದಲ್ಲೇ ಪ್ರಸಾರವಾಯಿತು. ಮಲೆನಾಡಿನ ಆ ಹಸಿರನ್ನು ಮಲೆನಾಡಿನವರೂ ಸೇರಿದಂತೆ ಬಹುಮಂದಿ ಕನ್ನಡಿಗರು ಬೂದುಬಣ್ಣದಲ್ಲಿ ನೋಡಿದರು. ಡಯನೋರ, ಸಾಲಿಡೇರ್, ಒನಿಡಾ, ಬಿಪಿಎಲ್‌ಗಳ ಬಣ್ಣದ ಸೆಟ್ಟುಗಳು ಪಟ್ಟಣದಾಚೆಗೆ ಹಬ್ಬಲು ಮತ್ತಷ್ಟು ವರ್ಷ ಬೇಕಾದವು.

ಮುಸುಕಿನ ಒಂದು ಗುಣ ಮಾತ್ರ ಊರೂರಿನ ಮೆಕ್ಯಾನಿಕರಿಗೆ ಕೆಲಸ ಕೊಟ್ಟಿತು. ಕಬ್ಬಿಣದ ಹಾಳೆಯಾದ್ದರಿಂದ ಅದು ಸುಲಭವಾಗಿ ಕಾಂತತ್ವ ಪಡೆಯುತ್ತದೆ. ಟಿ.ವಿ. ಪಕ್ಕ ದೊಡ್ಡ ಸ್ಪೀಕರ್ ಇಟ್ಟರೆ, ಮಕ್ಕಳು ಆಯಸ್ಕಾಂತವನ್ನು ಪರದೆಗೆ ಹಿಡಿದರೆ ಎಳೆಗಳು ದಾರಿ ತಪ್ಪಿ ಮೂಲೆಯಲ್ಲಿ ನೇರಳೆಯದೋ ಹಸಿರಿನದೋ ಕಲೆ ಕೂರುತ್ತಿತ್ತು. ಸ್ವಿಚ್ ಹಾಕಿದೊಡನೆ ಗುಂಯ್ ಎಂದು ಕ್ಷಣಕಾಲ ಕೇಳುತ್ತಿದ್ದ ಸದ್ದು ಆ ಕಾಂತತ್ವವನ್ನು ಅಳಿಸುವ ಸುರುಳಿಯದು. ಅದರಿಂದಲೂ ಹೋಗದ ಕಲೆಗೆ ಮೆಕ್ಯಾನಿಕ್ ಡಿಗಾಸಿಂಗ್ ಕಾಯಿಲ್ ತಂದು, ಪರದೆಯ ಮುಂದೆ ಆರತಿ ಎತ್ತಿದಂತೆ ಸುತ್ತಿಸಿ ಹಿಂದಕ್ಕೆ ಸರಿಯುತ್ತಿದ್ದ.

ಗುಜರಿಗೆ ಬಿದ್ದ ಮೇಲೆ

ಎಲ್‌ಸಿಡಿ, ಎಲ್‌ಇಡಿಗಳ ಮುಂದೆ ಪಿಕ್ಚರ್ ಟ್ಯೂಬ್ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಉಳಿದದ್ದು ಗಾಜು. ಬಣ್ಣದ ಟ್ಯೂಬಿಗೆ ಸುಮಾರು 25,000 ವೋಲ್ಟ್ ಬೇಕು. ಆ ಒತ್ತಡದಲ್ಲಿ ಹುಟ್ಟುವ ಎಕ್ಸ್ ಕಿರಣಗಳು ಹೊರಬಾರದಂತೆ ಟ್ಯೂಬಿನ ಹಿಂಬದಿಯ ಆಲಿಕೆಯಾಕಾರದ ಗಾಜಿನಲ್ಲಿ ತೂಕದ ಐದನೆಯ ಒಂದು ಭಾಗಕ್ಕೂ ಮಿಗಿಲಾಗಿ ಸೀಸದ ಆಕ್ಸೈಡ್ ಬೆರೆಸುತ್ತಿದ್ದರು. ಟಿ.ವಿ. ಮನೆಯಲ್ಲಿರುವಷ್ಟು ದಿನ ಅದು ರಕ್ಷಣೆ. ಒಡೆದು ಚರಂಡಿಗೋ ಕೆರೆ ಅಂಗಳಕ್ಕೋ ಬಿದ್ದ ಮೇಲೆ ವಿಷ.

ಗುಜರಿಯವರಿಗೆ ಬೇಕಾದದ್ದು ಕುತ್ತಿಗೆಯ ಸುತ್ತಲಿನ ಸುರುಳಿಯಲ್ಲಿರುವ ತಾಮ್ರ. ಅದಕ್ಕಾಗಿ ಕುತ್ತಿಗೆಯನ್ನು ಸುತ್ತಿಗೆಯಿಂದ ಬಡಿಯುವುದನ್ನು ಯಾವ ಊರಿನ ಗುಜರಿ ಅಂಗಳದಲ್ಲಾದರೂ ಕಾಣಬಹುದು. ಟ್ಯೂಬಿನೊಳಗೆ ಗಾಳಿಯಿಲ್ಲ, ಹೊರಗಿನ ಗಾಳಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರದಂತೆ ಒತ್ತುತ್ತಿರುತ್ತದೆ. 20 ಅಂಗುಲದ ಪರದೆಯ ಮುಖವೊಂದರ ಮೇಲೆಯೇ ಅದು ಒಂದು ಟನ್ನನ್ನು ಮೀರುತ್ತದೆ. ಬಿರುಕು ಬಿಟ್ಟೊಡನೆ ಗಾಜು ಒಳಕ್ಕೆ ನುಗ್ಗಿ ಹೊರಕ್ಕೆ ಸಿಡಿಯಬಲ್ಲದು. ಒಳಗಿನ ಫಾಸ್ಫರ್ ಪುಡಿ ಉಸಿರಿಗೆ ಹೋಗತಕ್ಕದ್ದಲ್ಲ. ಸ್ವಿಚ್ ತೆಗೆದು ಎಷ್ಟೋ ಹೊತ್ತಾದ ಮೇಲೂ ಟ್ಯೂಬಿನಲ್ಲಿ ಉಳಿದ ವಿದ್ಯುತ್ ಕೈಗೆ ಹೊಡೆಯುವುದುಂಟು.

ದೇಶದಲ್ಲಿ ಇ-ತ್ಯಾಜ್ಯ ನಿಯಮಗಳು 2011ರಲ್ಲಿ ರೂಪುಗೊಂಡು 2012ರ ಮೇ 1ರಿಂದ ಜಾರಿಗೆ ಬಂದವು. 2016ರಲ್ಲಿ, ಮತ್ತೆ 2022ರಲ್ಲಿ ಹೊಸ ನಿಯಮಗಳಾದವು. ತಮ್ಮ ಹಳೆಯ ಸರಕಿನ ವಿಲೇವಾರಿಗೆ ತಯಾರಕರೇ ಹೊಣೆಯೆಂದು ಅವು ಹೇಳುತ್ತವೆ. ಹೊಣೆ ಹೊರಬೇಕಾದ ಹಲವು ಟಿ.ವಿ. ಕಂಪನಿಗಳೇ ಈಗ ಇಲ್ಲ. ಸರ್ಕಾರದ ಮಾನ್ಯತೆ ಪಡೆದ ದೇಶದ ಮೊದಲ ಇ-ತ್ಯಾಜ್ಯ ಸಂಸ್ಕರಣಾ ಘಟಕ ಇ-ಪರಿಸರ 2005ರಲ್ಲಿ ಆರಂಭವಾದದ್ದು ಬೆಂಗಳೂರು ಸಮೀಪದ ಡಾಬಸ್‌ಪೇಟೆಯಲ್ಲಿ, ದಾವಣಗೆರೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ದಾರಿಯಲ್ಲೇ. ಇಂತಹ ಘಟಕಗಳಲ್ಲಿ ಮುಂಭಾಗದ ಗಾಜನ್ನೂ ಸೀಸದ ಗಾಜನ್ನೂ ಕಾಯಿಸಿದ ತಂತಿಯಿಂದಲೋ ಗರಗಸದಿಂದಲೋ ಬೇರ್ಪಡಿಸಿ, ಪುಡಿಯನ್ನು ಹೀರಿ ತೆಗೆಯುತ್ತಾರೆ. ಮುಂಚೆ ಹೀಗೆ ಬೇರ್ಪಡಿಸಿದ ಸೀಸದ ಗಾಜನ್ನು ಕರಗಿಸಿ ಹೊಸ ಪಿಕ್ಚರ್ ಟ್ಯೂಬಿಗೇ ಬಳಸಬಹುದಾಗಿತ್ತು. ಹೊಸ ಟ್ಯೂಬ್‌ಗಳ ತಯಾರಿಕೆ ನಿಂತ ಮೇಲೆ ಅದನ್ನು ಕೊಳ್ಳುವವರು ಸೀಸ ತೆಗೆಯುವ ಕುಲುಮೆಗಳಂತಹ ಕೆಲವರಷ್ಟೇ. ಹಳೆಯ ಸೆಟ್ಟನ್ನು ಮನೆಯಿಂದ ಹೊರಹಾಕುವವರು ಟ್ಯೂಬನ್ನು ಇಡಿಯಾಗಿಯೇ, ಮಂಡಳಿಯ ಪರವಾನಗಿ ಇರುವ ಸಂಗ್ರಾಹಕರಿಗೆ ಒಪ್ಪಿಸಬೇಕಾಗುತ್ತದೆ. ಅಂತಹವರ ಪಟ್ಟಿಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಪಡೆಯಬಹುದು.